ಪೋಲಿಯ ಹೊಟ್ಟೆಯ ಕೂದಲು

ಹಾಸ್ಟೆಲ್, ಮೇಲಿನ ಮಹಡಿ
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಬೆಳಿಗ್ಗೆಯಷ್ಟೇ ಫೋನಿನಲ್ಲಿ ಮಾತಾಡಿ ಈಗ ಪತ್ರ ಬರೆಯುತ್ತಿದ್ದೇನೆ, ಕ್ಷಮಿಸಿ. ಕೆಲವು ಮಾತುಗಳನ್ನು ನಿಮ್ಮ ದನಿ ಕೇಳುತ್ತಾ ಹೇಳಲಾಗುವುದಿಲ್ಲ. ನಿಂತು ನಿಂತು ಊದಿದ ಕಾಲು ಹೇಗಿದೆ? ಅಮ್ಮನ ಕೆಮ್ಮು? ಪೋಲಿ ಸರಿಯಾಗಿ ತಿನ್ನುತ್ತಿದೆಯೋ, ಇಲ್ಲ ಬಾಲ ಅಲ್ಲಾಡಿಸಿ, ಹೊಟ್ಟೆಯ ಗಡ್ಡೆ ತೋರಿಸಿ ಬಿಸ್ಕತ್ತು ಗಿಟ್ಟಿಸುತ್ತಿದೆಯೋ? ಶುಕ್ರವಾರ ಅದರ ಆಪರೇಷನ್ ಎಂದು ಇಲ್ಲಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದೇನೆ.

ಫಸ್ಟ್ ಇಯರ್‌ನವರಿಗೆ ಕಾಲೇಜಿನ ಪ್ರಾಣಿ ಕ್ಲಿನಿಕ್‌ನಲ್ಲಿ ಗೋಡೆಗೆ ಅಂಟಿಕೊಂಡು ನೋಡುವುದಷ್ಟೇ ಕೆಲಸ. ಮೊನ್ನೆ ಮೂಗು ತುರಿಸಿತೆಂದು ಕೈ ಎತ್ತಿದೆ. ಸರ್ಜನ್ ಮೇಡಂ ತಿರುಗದೆಯೇ, "ಗೋಡೆ ಹತ್ರ ಇರೋರು ಮೂಗು ಮುಟ್ಬೇಡಿ" ಅಂದರು. ಎಲ್ಲರೂ ಹೆದರುವುದು ಆಪರೇಷನ್‌ಗಲ್ಲ, ಆಮೇಲೆ ಗಾಯದಲ್ಲಿ ಕೀವಾಗುವುದಕ್ಕೆ. ನಿನ್ನೆ ಒಬ್ಬರು ಡಾಕ್ಟರಿಗೆ ಸುಲಭವಾಗಲಿ ಎಂದು ತಮ್ಮ ನಾಯಿಯ ಹೊಟ್ಟೆಯನ್ನು ಹಿಂದಿನ ದಿನವೇ ಬೋಳಿಸಿ, ತೊಳೆದು, ಟವೆಲ್ ಸುತ್ತಿ ತಂದಿದ್ದರು. ಮೇಡಂ ಲೈಟ್ ಹಿಡಿದು ನೋಡಿದರೆ ಚರ್ಮದ ತುಂಬ ಕೆಂಪು ಚುಕ್ಕೆ. ಬ್ಲೇಡನ್ನು ಎಷ್ಟು ಹಗುರವಾಗಿ ಆಡಿಸಿದರೂ ಕಣ್ಣಿಗೆ ಕಾಣದ ಗೀರುಗಳು ಬೀಳುತ್ತವಂತೆ. ಬೆಳಗಾಗುವಷ್ಟರಲ್ಲಿ ಬ್ಯಾಕ್ಟೀರಿಯಾ ಅಲ್ಲಿ ಸಂಸಾರ ಹೂಡುತ್ತವಂತೆ. ಅದಕ್ಕೇ ಇಲ್ಲಿ ನಾಯಿಯ ಪ್ರಜ್ಞೆ ತಪ್ಪಿಸಿದ ಮೇಲೆಯೇ, ಚರ್ಮ ಗೀರದ ಕ್ಲಿಪ್ಪರ್ ಮಿಷನ್‌ನಲ್ಲಿ ಕೂದಲು ತೆಗೆಯುತ್ತಾರೆ. "ಪ್ರೀತಿ ಮಾಡೋಕೆ ಹೋಗಿ ಇನ್ಫೆಕ್ಷನ್‌ಗೆ ಬಾಗಿಲು ತೆಗೆದಿದ್ದೀರಲ್ರೀ" ಎಂದು ಮೇಡಂ ಆಪರೇಷನ್ ಮುಂದೂಡಿದರು. ನಾಯಿ ತಂದವರು ಅದನ್ನು ಮತ್ತೆ ಟವೆಲ್‌ನಲ್ಲಿ ಸುತ್ತಿಕೊಂಡು ಹೋದರು.

ಇವತ್ತು ಬೆಳಿಗ್ಗೆ ನೀವು, "ಗುರುವಾರ ಸಲೂನ್ ಮುಚ್ಚಿದ್ಮೇಲೆ ಪೋಲಿ ಹೊಟ್ಟೇನ ನಾನೇ ನುಣ್ಣಗೆ ಮಾಡ್ತೀನಿ. ಕೈ ಅಂದ್ರೆ ಏನು ಅಂತ ಡಾಕ್ಟರು ನೋಡ್ಲಿ" ಅಂದಿರಿ. ನಾನು ನಕ್ಕು, ಹೂಂ ಅಂದೆ. ಎಷ್ಟೋ ಮದುಮಕ್ಕಳ ಕೆನ್ನೆಯನ್ನು ಒಂದು ಹನಿ ರಕ್ತ ಬಾರದಂತೆ ನುಣುಪು ಮಾಡಿದ ಕೈ ನಿಮ್ಮದು. ನನ್ನನ್ನು ಇಲ್ಲಿಯವರೆಗೆ ಓದಿಸಿದ್ದೂ ಅದೇ. ಆ ಕೈಗೆ ಬೇಡ ಎಂದು ಹೇಗೆ ಹೇಳಲಿ?

ಅಮ್ಮನಿಗೆ ನಮಸ್ಕಾರ. ಪೋಲಿಯ ಕಿವಿಗೆ ನನ್ನ ಲೆಕ್ಕದಲ್ಲಿ ಒಂದು ಎಳೆತ.

ನಿಮ್ಮ
ಮರಿ ಡಾಕ್ಟರು

ತಾ.ಕ.: ಕೊರಿಯರ್‌ನವನು ಕೆಳಗೆ ಕಾಯುತ್ತಿದ್ದಾನೆ, ನೇರವಾಗಿ ಹೇಳಿಬಿಡುತ್ತೇನೆ: ಪೋಲಿಗೆ ರೇಜರ್ ತಾಗಿಸಬೇಡಿ ಅಪ್ಪಾ. ಅಲ್ಲಿಯ ಡಾಕ್ಟರೇ ಕೂದಲು ತೆಗೆಯಲಿ. ಅಡ್ಡಾದಿಡ್ಡಿಯಾಗಿ ತೆಗೆದರೂ ಸುಮ್ಮನೆ ನೋಡಿಕೊಂಡಿರಿ. ನಿಮ್ಮ ಕೈಗೆ ಆಮೇಲೆ ಕೆಲಸವಿದೆ. ಹೊಲಿಗೆ ನೆಕ್ಕದಂತೆ ಅದರ ಕುತ್ತಿಗೆಗೆ ಪ್ಲಾಸ್ಟಿಕ್ ಕಾಲರ್ ಹಾಕುತ್ತಾರೆ, ಅಮ್ಮ ಪಾಪ ಎಂದು ಬಿಚ್ಚಿಬಿಡುತ್ತಾಳೆ. ಅದನ್ನು ಮತ್ತೆ ಹಾಕಲು ಪೋಲಿಯ ತಲೆ ಹಿಡಿಯಬೇಕು. ಕೂಗಾಡುವ ಮಕ್ಕಳ ತಲೆಯನ್ನು ಎರಡೇ ಬೆರಳಲ್ಲಿ ಅಲುಗದಂತೆ ಹಿಡಿಯುವವರು ನಮ್ಮ ಮನೆಯಲ್ಲಿ ನೀವೊಬ್ಬರೇ. ಕೋಪ ಬಂದರೂ ಸರಿ, ಇದು ಸಿಕ್ಕ ಕೂಡಲೇ ಉತ್ತರ ತಿಳಿಸಿ.