ಅಟ್ಟವಿಲ್ಲದ ಮನೆ

ಕಾಳೇನಹಳ್ಳಿ,
ಬಿಳಿಗೆರೆ ಅಂಚೆ,
17-5-1983, ಮಂಗಳವಾರ

ಪ್ರೀತಿಯ ಮಗಳು ದ್ರಾಕ್ಷಾಯಣಿಗೆ,

ನಿನ್ನ ಅವ್ವ ಮನಸಾರೆ ಹರಸಿ ಬರೆಯುವುದು. ನಾನೂ ನಿನ್ನ ತಂಗಿ ಗೌರಿಯೂ ಚೆನ್ನಾಗಿದ್ದೇವೆ. ಮಗುವಿಗೆ ಹಲ್ಲು ಬರುತ್ತಿದೆ, ರಾತ್ರಿಯೆಲ್ಲ ಅಳುತ್ತದೆ ಎಂದು ನೀನು ಬರೆದಿದ್ದೆ. ಹೆದರಬೇಡ, ನಿನಗೂ ಹೀಗೇ ಆಗಿತ್ತು. ನಿಮ್ಮಪ್ಪ ನಿನ್ನನ್ನು ಹೆಗಲ ಮೇಲೆ ಹಾಕಿಕೊಂಡು ತೋಟವೆಲ್ಲ ತಿರುಗುತ್ತಿದ್ದರು.

ಅವರು ಹೋಗಿ ಆರು ತಿಂಗಳಾಯಿತು. ಅಂದಿನಿಂದ ದಿನಕ್ಕೆ ಎರಡು ಗೆರೆ ನೋಟ್‌ಬುಕ್ಕಿನಲ್ಲಿ ಬರೆಯುವ ಅಭ್ಯಾಸ ಮಾಡಿಕೊಂಡಿದ್ದೇನೆ. ಯಾರೊಡನೆಯಾದರೂ ಮಾತಾಡಿದ ಹಾಗಾಗುತ್ತದೆ. ನಾಲ್ಕನೆಯ ಕ್ಲಾಸು ಓದಿದವಳ ಬರವಣಿಗೆ, ತಪ್ಪಿದ್ದರೆ ತಿದ್ದಿಕೊಂಡು ಓದು.

ಗೌರಿ ಏಳನೆಯದು ಪಾಸಾದಳು. ನಮ್ಮೂರಿನಲ್ಲಿ ಈಗಲೂ ಏಳರ ಮೇಲೆ ಇಲ್ಲ. ಬಸ್ಸು ಹನ್ನೊಂದಕ್ಕೊಂದು, ಸಂಜೆ ಏಳಕ್ಕೊಂದು, ಶಾಲೆಯ ಹೊತ್ತಿಗೆ ಎರಡೂ ಒದಗುವುದಿಲ್ಲ. ತಿಪಟೂರಿನಲ್ಲಿ ಮನೆ ಮಾಡಿ ಅವಳನ್ನು ಓದಿಸಬೇಕೆಂದು ಮನಸ್ಸು ಮಾಡಿದೆ. ಜೂನ್ ಒಂದಕ್ಕೆ ಶಾಲೆ ತೆರೆಯುತ್ತದೆ. ಈ ವರ್ಷ ತಪ್ಪಿದರೆ ಮುಂದಿನ ವರ್ಷ ಓದಿಸುತ್ತೇವೆ ಎನ್ನುವ ಮಾತನ್ನು ನಾನು ನಂಬುವುದಿಲ್ಲ.

ನಿನ್ನ ಚಿಕ್ಕಪ್ಪ ವೀರಭದ್ರಯ್ಯ ಆ ಮಾತನ್ನೇ ಹೇಳಿದರು. “ಅಟ್ಟದ ತುಂಬ ಕಾಯಿ ಐತೆ ಅತ್ತಿಗೆ. ಅವು ಕೊಬ್ರಿಯಾಗಿ ಇಳಿಯೋಗಂಟ ತಡ್ಕಳಿ. ಮುಂದಿನ ವರ್ಷ ನೋಡನ ಬುಡಿ” ಎಂದರು. ಅವರು ಕೆಟ್ಟದ್ದಕ್ಕೆ ಹೇಳಿದ್ದಲ್ಲ. ನಮ್ಮ ಕಡೆ ಯಾರೂ ಕಾಯಿ ತುಂಬಿದ ಅಟ್ಟ ಬಿಟ್ಟು ಮನೆಗೆ ಬೀಗ ಹಾಕುವುದಿಲ್ಲ. ಹನ್ನೊಂದು ತಿಂಗಳು ಕಾಯಬೇಕು, ಕೆಳಗೆ ಹೊಗೆ ಹಾಕಬೇಕು, ಇಲಿ ನೋಡಬೇಕು. ಈಗ ಮೇಲಿರುವುದು ಕಳೆದ ಶ್ರಾವಣದಲ್ಲಿ ನಿಮ್ಮಪ್ಪ ತಮ್ಮ ಕೈಯಾರೆ ಹರಡಿದ ಕಾಯಿ.

ಆದರೂ ಹೋದ ವಾರ ಗೌರಿಯನ್ನು ಕರೆದುಕೊಂಡು ಮನೆ ನೋಡಲು ಹೋದೆ.

ಮೊದಲು ನೋಡಿದ್ದು ಕೊಬ್ಬರಿ ಮಂಡಿಯ ಬೀದಿಯಲ್ಲಿ. ಹಳೆಯ ಹೆಂಚಿನ ಮನೆ. ಏಣಿ ಹತ್ತಿ ನೋಡಿದರೆ ಎಂಟು ಸಾವಿರ ಕಾಯಿ ಹಿಡಿಯುವ ಅಟ್ಟ, ತೇಗದ ತೊಲೆ. ಹಲಗೆ ತಟ್ಟಿ ನೋಡಿದೆ, ಗಾಳಿ ಎಲ್ಲಿಂದ ಬರುತ್ತದೆ ಎಂದು ಕೇಳಿದೆ. ಶಾಲೆ ಎಷ್ಟು ದೂರ ಎಂದು ಕೇಳುವುದೇ ಮರೆತಿತ್ತು. ಗೌರಿ ಕೆಳಗಿನಿಂದ ಕೂಗಿದಳು, “ಅವ್ವಾ, ನೀನು ಇಸ್ಕೂಲ್ ನೋಡಕ್ ಬಂದ್ಯೋ, ಅಟ್ಟ ನೋಡಕ್ ಬಂದ್ಯೋ?” ಮನೆಯವರೆಲ್ಲ ನಕ್ಕರು. ವಿಚಾರಿಸಿದರೆ ಹೆಣ್ಣುಮಕ್ಕಳ ಹೈಸ್ಕೂಲಿಗೆ ರೈಲ್ವೆ ಗೇಟು ದಾಟಿ ಅರ್ಧ ಗಂಟೆಯ ದಾರಿ, ಅದೂ ಲಾರಿಗಳ ನಡುವೆ.

ಆಮೇಲೆ ಸ್ಟೇಷನ್ನಿನ ಹಿಂದೆ ಒಂದು. ಅಲ್ಲಿ ಮನೆಯ ಎದುರಿಗೇ ಒಂದು ಶಾಲೆ. ಗೇಟಿನಲ್ಲಿ ಕೂತಿದ್ದ ಜವಾನನನ್ನು ಲೆಕ್ಕ ಹೇಳಿಕೊಡುವ ಮೇಷ್ಟ್ರು ಹೇಗಿದ್ದಾರೆ ಎಂದು ಕೇಳಿದೆ. “ಆರ್ಡ್ರು ಬಂದು ಎರಡು ವರ್ಷ ಆಯ್ತು ಕಣವ್ವ, ಮೇಷ್ಟ್ರು ಬಂದಿಲ್ಲ” ಎಂದ.

ಕೊನೆಗೆ ನೋಡಿದ್ದು ಊರಾಚೆಯ ಹೊಸ ಬಡಾವಣೆ. ರಸ್ತೆಗಿನ್ನೂ ಜಲ್ಲಿ ಬಿದ್ದಿಲ್ಲ, ಮರಗಳೆಲ್ಲ ಮೊಣಕಾಲುದ್ದ. ಹೆಣ್ಣುಮಕ್ಕಳ ಹೈಸ್ಕೂಲಿನ ಕಾಂಪೌಂಡು ಮೂರು ಬೀದಿ ದಾಟಿದರೆ ಸಿಗುತ್ತದೆ. ಮನೆಯ ಯಜಮಾನಿ ಸಿದ್ದಕ್ಕ ಅಂತ, ಆಸ್ಪತ್ರೆಯಲ್ಲಿ ನರ್ಸಾಗಿದ್ದವರು, ಬಾಯಿ ಸ್ವಲ್ಪ ಜೋರು. “ಈ ಬೀದೀಲಿ ಇರೋರೆಲ್ಲ ಇಸ್ಕೂಲಿಗೋಸ್ಕರ ಬಂದೋರೇ ಕಣ್ರೀ. ಗಂಡಂದ್ರು ತೋಟದಲ್ಲಿ ಅವ್ರೆ, ಹೆಂಡ್ತೀರು ಮಕ್ಕಳು ಇಲ್ಲಿ ಅವ್ರೆ. ಶನಿವಾರ ಬಂತು ಅಂದ್ರೆ ಗಂಡಂದ್ರೆಲ್ಲ ನೆಂಟರ ಥರ ಚೀಲ ಹಿಡ್ಕಂಡು ಬತ್ತಾರೆ” ಎಂದರು. ಎರಡು ಕೋಣೆ, ನಲ್ಲಿ ನೀರು, ತಾರಸಿ ಮನೆ. ನಾನು ಮತ್ತೆ ತಲೆಯೆತ್ತಿ ಅಟ್ಟ ಎಲ್ಲಿ ಎಂದು ಕೇಳಿಬಿಟ್ಟೆ. “ಅಟ್ಟ ಯಾಕ್ರೀ? ಓದಕ್ಕೆ ಬರ್ತಿರೋದು ಮಗಳೋ, ಕಾಯೋ?” ಎಂದರು.

ಅಲ್ಲಿಯೂ ಹೂಂ ಎನ್ನಲಿಲ್ಲ. ಯೋಚಿಸಿ ಹೇಳುತ್ತೇನೆಂದು ಬಂದೆ. ಬಸ್ಸಿನಿಂದ ಇಳಿಯುವಾಗ ಗೌರಿ, “ಮುಂದಿನ ವರ್ಷ ಅಲ್ವಾ?” ಎಂದಳು. ನೀನು ಕೇಳಿದ್ದೂ ಹಾಗೆಯೇ, ದ್ರಾಕ್ಷಾಯಣಿ. ಈ ಕಾಗದ ಬರೆಯಲು ಕೂತದ್ದು ಅದಕ್ಕೆ.

ನಿಮ್ಮಪ್ಪನ ಶಿವಗಣಾರಾಧನೆಯ ದಿನ ಎಲ್ಲರೂ ಊಟಕ್ಕೆ ಕೂತಿದ್ದಾಗ ಹಿತ್ತಲಲ್ಲಿ ನೀನು ಅಂದೆ, ಅಪ್ಪನಿಗೆ ನನಗಿಂತ ತೆಂಗಿನಕಾಯೇ ಹೆಚ್ಚಾಗಿತ್ತು, ಓದಿಸಲಿಲ್ಲ, ಅದಕ್ಕೇ ಅಳು ಬರುತ್ತಿಲ್ಲ ಎಂದು. ನಾನು ಪಾತ್ರೆ ತೊಳೆಯುತ್ತಿದ್ದೆ. ಕೇಳಿಸಿಯೂ ಸುಮ್ಮನಿದ್ದೆ.

ನೀನು ಏಳನೆಯದು ಪಾಸಾದ ವರ್ಷ ನಿಮ್ಮಪ್ಪ ನಮಗೆ ಹೇಳದೆ ತಿಪಟೂರಿಗೆ ಹೋಗಿ ಮನೆ ನೋಡಿ ಬಂದಿದ್ದರು. ಬಂದವರು ಚಪ್ಪಲಿ ಬಿಡುವ ಮೊದಲೇ, “ಬಾಗ್ಲಿಂದ ಇಸ್ಕೂಲ್ ಗೇಟಿಗೆ ಇನ್ನೂರ ಹತ್ತು ಹೆಜ್ಜೆ ಕಣೇ. ಮಗೀನ ಹೆಜ್ಜೇಲಿ ಮುನ್ನೂರು ಇಟ್ಕ” ಎಂದರು. ಬೇಡ ಎಂದವಳು ನಾನು. ಅಟ್ಟದ ತುಂಬ ಕಾಯಿ ಬಿಟ್ಟು ಎಲ್ಲಿಗೆ ಹೋಗುವುದು, ಇಳಿಯಲಿ, ಆಮೇಲೆ ನೋಡೋಣ ಎಂದೆ. ಆ ಕಾಯಿ ಇಳಿಯುವ ಹೊತ್ತಿಗೆ ಅಂಗಳದಲ್ಲಿ ಹೊಸ ಕಾಯಿ ರಾಶಿ ಬಿದ್ದಿತ್ತು. ಅವು ಮೇಲೆ ಹೋದವು. ಮುಂದಿನ ವರ್ಷವೂ ಹಾಗೆಯೇ. ನಮ್ಮ ಅಟ್ಟ ಒಂದು ದಿನವೂ ಬರಿದಾಗಿರುವುದಿಲ್ಲ ಎನ್ನುವುದು, ಅದರ ಕೆಳಗೇ ಇಪ್ಪತ್ತು ವರ್ಷ ಅಡಿಗೆ ಮಾಡಿದವಳಿಗೆ ಹೊಳೆಯಲಿಲ್ಲ. ಹೊಳೆದಿತ್ತೋ ಏನೋ. ಪಟ್ಟಣಕ್ಕೆ ಹೋಗಿ ಬಾಳಲು ನನಗೆ ಭಯವಿತ್ತು, ಕಾಯಿ ಒಂದು ನೆಪ. ನಿಮ್ಮಪ್ಪ ಎರಡು ಸಲ ಕೇಳಿದರು. ಮೂರನೆಯ ವರ್ಷ ಅಳಿಯಂದಿರ ಮನೆಯವರು ನಿನ್ನನ್ನು ಹೆಣ್ಣು ಕೇಳಿಕೊಂಡು ಬಂದರು.

ನೀನು ಅತ್ತು ಕೇಳಿದ ದಿನ ನಾನು, ನಿಮ್ಮಪ್ಪ ಬೇಡ ಅಂತಾರೆ ಎಂದುಬಿಟ್ಟೆ. ಅವರು ಜಗುಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದರು. ಕೇಳಿಸಿತು. ಎದ್ದು ಬರಲಿಲ್ಲ. ಆಮೇಲೆ ನೀನು ತಿಂಗಳುಗಟ್ಟಲೆ ಅವರೊಡನೆ ಮಾತು ಬಿಟ್ಟೆ, ಊಟಕ್ಕೆ ಕರೆಯಲೂ ಗೌರಿಯನ್ನು ಕಳಿಸುತ್ತಿದ್ದೆ. ನಿಜ ಹೇಳಿಬಿಡಿ ಎಂದು ನಾನೇ ಒಂದು ದಿನ ಅವರಿಗೆ ಅಂದೆ. “ಬುಡು. ನನ್ನ ಮೇಲೆ ಮುನಿಸ್ಕಂಡ್ರೆ ನಾನು ತೋಟಕ್ಕೆ ಹೋಯ್ತೀನಿ. ನಿನ್ನ ಮೇಲೆ ಮುನಿಸ್ಕಂಡ್ರೆ ನೀವಿಬ್ರೂ ಒಂದೇ ಅಡಿಗೆಮನೇಲಿ ಹೆಂಗಿರ್ತೀರಾ?” ಎಂದರು. ಆ ಮಾತು ಮತ್ತೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ, ಅದರಿಂದ ನನಗೆ ಅನುಕೂಲವಿತ್ತು.

ಕ್ಷಮಿಸು ಎಂದು ತಾಯಿಯಾದವಳು ಹೇಗೆ ಬರೆಯಬೇಕೋ ನನಗೆ ತಿಳಿಯದು. ಸಿಟ್ಟು ಮಾಡುವುದಿದ್ದರೆ ನನ್ನ ಮೇಲೆ ಮಾಡು. ಅವರಿಗಾಗಿ ಒಂದು ಸಲ ಅತ್ತುಬಿಡು. ಅವರಿಗೆ ಸಲ್ಲಬೇಕಾದದ್ದು ಅದು.

ನಿನ್ನೆ ಬೆಳಿಗ್ಗೆ ಗೌರಿಯನ್ನು ಕರೆದುಕೊಂಡು ಮತ್ತೆ ಹೋಗಿ ಸಿದ್ದಕ್ಕನಿಂದ ಬೀಗದ ಕೈ ತೆಗೆದುಕೊಂಡೆ. ಅಲ್ಲಿಂದ ನೇರವಾಗಿ ಶಾಲೆಗೆ ಹೋಗಿ ಗೌರಿಯ ಹೆಸರು ಬರೆಸಿದೆವು. ಅಟ್ಟದ ಏಣಿ ನಿನ್ನ ಚಿಕ್ಕಪ್ಪನಿಗೆ ಒಪ್ಪಿಸಿದ್ದೇನೆ. ನಿಮ್ಮಣ್ಣ ಹಾಕಿದ ಕಾಯಿ, ನೀವೇ ಇಳಿಸಿ ಎಂದೆ. ಏಣಿಯನ್ನು ಗೋಡೆಗೆ ಒರಗಿಸಿ, “ಭಾನುವಾರ ಭಾನುವಾರ ಬಂದು ನೋಡ್ಕಂಡು ಹೋಗ್ರೀ ಮತ್ತೆ” ಎಂದರು. ಇದೇ ಇಪ್ಪತ್ತೇಳಕ್ಕೆ ಹಾಲು ಉಕ್ಕಿಸುತ್ತೇವೆ. ಅಳಿಯಂದಿರೊಡನೆ ಬಾ. ಬರಲು ಮನಸ್ಸಾಗದಿದ್ದರೆ ನಾನೇನೂ ಅಂದುಕೊಳ್ಳುವುದಿಲ್ಲ.

ಮಗುವಿಗೆ ನನ್ನ ಮುತ್ತು.

ಇಂತು,
ನಿನ್ನ ಅವ್ವ
ಗುರುಶಾಂತಮ್ಮ

ಮರೆತಿದ್ದೆ: ಏಳನೆಯದು ಪಾಸಾದವರು ಮನೆಯಲ್ಲೇ ಓದಿಕೊಂಡು ಪ್ರೈವೇಟಾಗಿ ಎಸ್ಸೆಸ್ಸೆಲ್ಸಿಗೆ ಕೂರಬಹುದಂತೆ, ಮದುವೆಯಾಗಿದ್ದರೂ ಅಡ್ಡಿಯಿಲ್ಲವಂತೆ. ಹೆಸರು ಬರೆಸುವಾಗ ದೊಡ್ಡ ಮೇಡಮ್ಮನವರನ್ನು ನಾನೇ ಕೇಳಿದೆ. ನಿನ್ನನ್ನಾಗಲಿ ಅಳಿಯಂದಿರನ್ನಾಗಲಿ ಕೇಳದೆ ಇನ್ನೊಂದು ಮಾತೂ ಆಡಿಬಿಟ್ಟಿದ್ದೇನೆ. ಬೀಗದ ಕೈ ಕೊಡುವಾಗ ಸಿದ್ದಕ್ಕ, ಮನೆಯಲ್ಲಿ ಓದುವವರು ಎಷ್ಟು ಜನ ಎಂದು ಕೇಳಿದರು. ಇಬ್ಬರು ಎಂದೆ.