ನಲವತ್ತು ಪೆಟ್ಟಿಗೆ, ಮೂವತ್ತೊಂಬತ್ತು ಬಲ್ಬು

ರೇಡಿಯೊ ದುರಸ್ತಿ ಶಾಖೆ, ನನ್ನ ಮೇಜಿನಿಂದ
ಮಂಗಳವಾರ, ೧೨ನೇ ತಾರೀಕು, ಊಟದ ಬಿಡುವು

ಪ್ರೀತಿಯ ಚಿನಕುರುಳಿಗೆ,

ತಲೆಸುತ್ತು ಹೇಗಿದೆ? ಹಡಗು ದಡಕ್ಕೆ ಕಟ್ಟಿ ನಿಂತಿದ್ದರೂ ನೆಲ ತೂಗುತ್ತದೆ ಎಂದು ಬರೆದಿದ್ದೆಯಲ್ಲ, ಅದನ್ನು ಓದಿ ನಿನ್ನಮ್ಮ ಅತ್ತಳು, ನಾನು ನಕ್ಕೆ, ಆಮೇಲೆ ನಕ್ಕಿದ್ದಕ್ಕೆ ಬೈಸಿಕೊಂಡೆ. ಹೊಟ್ಟೆ ಖಾಲಿ ಬಿಡಬೇಡ. ನಾವು ಚೆನ್ನಾಗಿದ್ದೇವೆ. ನನ್ನ ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ.

ಪೆಟ್ಟಿಗೆಗಳ ಕೆಲಸ ಅಂತೂ ಮುಗಿಯಿತು. ನಲವತ್ತೂ ನನಗಿಂತ ನಾಲ್ಕೇ ವರ್ಷ ಚಿಕ್ಕವು. ಹಡಗು ಮುಳುಗಿದರೆ ಜೀವರಕ್ಷಕ ದೋಣಿಯಲ್ಲಿ ಕೂತು, ಹಿಡಿ ತಿರುಗಿಸಿ ಸಹಾಯಕ್ಕೆ ಕೂಗುವ ಹಳೇ ರೇಡಿಯೊಗಳು. ನೌಕಾಪಡೆಯವರು ಹೊರಮೈ ಹಾಗೇ ಇಟ್ಟು ಹೊಟ್ಟೆಯನ್ನೆಲ್ಲ ಬದಲಿಸಿ ಎಂದರು. ಗಾಜಿನ ವಾಲ್ವ್ ಕಿತ್ತು ಬೆರಳುಗುರಿನಷ್ಟು ಎಲೆಕ್ಟ್ರಾನಿಕ್ ಚಿಪ್ ಕೂರಿಸಿದೆವು. ಹೊಸ ಎಂಜಿನಿಯರ್‌ಗೆ ತಿರುಗಿಸುವ ಹಿಡಿಯೂ ಬೇಡವಾಗಿತ್ತು, ಬ್ಯಾಟರಿ ಸಾಕಂತೆ. ಮೂರು ವಾರ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಬ್ಯಾಟರಿ ಸತ್ತ ದಿನ ಮನುಷ್ಯನ ತೋಳಾದರೂ ಇರುತ್ತದಪ್ಪಾ ಎಂದು ಹೇಳಿ ಹೇಳಿ ಹಿಡಿ ಉಳಿಸಿಕೊಂಡೆ. ಗೆದ್ದ ಖುಷಿಯೇನೂ ಇಲ್ಲ, ದಣಿವಷ್ಟೇ. ಈಚೆಗೆ ನಿದ್ದೆ ಮಾಡಿ ಎದ್ದರೂ ದಣಿದೇ ಏಳುತ್ತೇನೆ.

ನಮ್ಮ ಬಲ್ಬಿನ ವಿಷಯ ನಿನಗೆ ಗೊತ್ತಲ್ಲ. ಪರೀಕ್ಷೆಗೆಂದು ನಿಜವಾದ ಆಂಟೆನಾಗೆ ತಂತಿ ಕೊಟ್ಟರೆ ಊರ ಸಮುದ್ರವೆಲ್ಲ ಯಾರೋ ಮುಳುಗುತ್ತಿದ್ದಾರೆಂದು ಓಡಿಬರುತ್ತದೆ. ಅದಕ್ಕೇ ಪೆಟ್ಟಿಗೆಯೊಳಗೆ ಒಂದು ಬಲ್ಬಿಗೆ ತಂತಿ ಸಿಕ್ಕಿಸುತ್ತೇವೆ. ಬಲ್ಬು ಉರಿಯುತ್ತದೆ, ಮೀಟರಿನ ಮುಳ್ಳು ಏಳುತ್ತದೆ, ಕೂಗು ಮಾತ್ರ ಹೊರಗೆ ಹೋಗುವುದಿಲ್ಲ. ‘ಅದು ನಿಮ್ಮ ಥರಾನೇ, ಎಲ್ಲಾ ಹೊಟ್ಟೆಯೊಳಗೇ’ ಅಂತಾಳೆ ನಿನ್ನಮ್ಮ. ಪರೀಕ್ಷೆ ಮುಗಿದ ಮೇಲೆ ಬಲ್ಬು ತೆಗೆದು, ತಂತಿಯನ್ನು ಆಂಟೆನಾದ ತಿರುಪಿಗೆ ಬಿಗಿದು, ಮುಚ್ಚಳಕ್ಕೆ ಸೀಲು ಹಾಕುವುದು ನನ್ನ ಕೆಲಸ. ಇವತ್ತು ಬೆಳಿಗ್ಗೆ ಬಲ್ಬುಗಳನ್ನು ಸ್ಟೋರಿಗೆ ಒಪ್ಪಿಸಲು ಎಣಿಸಿದೆ. ಮೂವತ್ತೊಂಬತ್ತು. ನಾಲ್ಕು ಸಲ ಎಣಿಸಿದೆ, ಮೇಜಿನಡಿ ತೆವಳಿದೆ. ಸ್ಟೋರಿನವನು ‘ಒಡೆದೋಯ್ತು ಅಂತ ಬರ್ದುಬಿಡಿ ಸಾರ್, ಒಂದು ಬಲ್ಬಿಗೆ ಯಾರು ಅಳ್ತಾರೆ’ ಎಂದ. ಪೆನ್ನು ಕೈಯಲ್ಲೇ ಇತ್ತು. ಬರೆಯಲು ಮನಸ್ಸೂ ಬಂದಿತ್ತು, ಸುಳ್ಳು ಹೇಳುವುದಿಲ್ಲ.

ಅಮ್ಮ ನಿನ್ನ ಹಳೇ ಕೋಣೆಗೆ ಸುಣ್ಣ ಹೊಡೆಸಿದ್ದಾಳೆ. ನಿನ್ನ ಜೊತೆಯವರನ್ನೆಲ್ಲ ಕೇಳಿದೆನೆಂದು ಹೇಳು. ಕಡಲು ನಿನ್ನನ್ನು ತನ್ನ ಮಗಳಂತೆ ನೋಡಿಕೊಳ್ಳಲಿ.

ನಿನ್ನ
ಅಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಇಷ್ಟು ಸುತ್ತು ಹಾಕಿದೆ. ಆ ಬಲ್ಬು ಎಲ್ಲಿದೆ ಎಂದು ನನಗೆ ಗೊತ್ತು. ನೀನು ಹೊರಟ ದಿನ ಮೂವತ್ತೊಂದನೇ ಪೆಟ್ಟಿಗೆ ನನ್ನ ಮುಂದೆ ತೆರೆದಿತ್ತು. ನಿಮ್ಮ ಬಸ್ಸಿನ ಹಾರ್ನ್ ಕೇಳಿ ಗೇಟಿಗೆ ಓಡಿಬಂದೆ. ಏನೇನೋ ಹೇಳಬೇಕೆಂದು ಬಂದವನು ‘ಸ್ವೆಟರ್ ಇಟ್ಕೊಂಡ್ಯಾ?’ ಎಂದಷ್ಟೇ ಕೇಳಿದೆ. ಹಿಂದಿರುಗಿದಾಗ ಕಣ್ಣು ಮಂಜಾಗಿತ್ತು. ಒಳಗೆ ನೋಡದೆಯೇ ಮುಚ್ಚಿ ಸೀಲು ಹಾಕಿಬಿಟ್ಟೆ. ಆತುರಗಾರನಿಗೆ ಬುದ್ಧಿ ಮಟ್ಟ. ರಿಜಿಸ್ಟರ್ ನೋಡಿದೆ, ಮೂವತ್ತೊಂದು ಹೋಗಿರುವುದು ನಿನ್ನ ಹಡಗಿಗೇ, ಎಡಗಡೆಯ ದೋಣಿಗೆ. ಹಿಡಿ ತಿರುಗಿಸಿ ನೋಡಿದರೆ ಮುಳ್ಳು ಚೆನ್ನಾಗಿಯೇ ಏಳುತ್ತದೆ, ನಂಬಬೇಡ. ಬಲ್ಬು ಕಿತ್ತು, ಕೆಂಪು ತಂತಿಯನ್ನು ಆಂಟೆನಾದ ತಿರುಪಿಗೆ ಬಿಗಿ. ಊಟದ ಬಿಡುವು ಮುಗಿದೊಡನೆ ಮುಖ್ಯಸ್ಥರ ಬಳಿ ಹೋಗಿ ಒಪ್ಪಿಕೊಳ್ಳುತ್ತೇನೆ, ಆದರೆ ಅವರ ಆದೇಶ ಐದು ಮೇಜು ದಾಟಬೇಕು, ನೀವು ಹೊರಡುವುದು ಶನಿವಾರ. ಈ ಕಾಗದ ಇವತ್ತು ಮೂರು ಗಂಟೆಯ ಟಪಾಲಿನಲ್ಲೇ ಹೊರಟು, ಅದಕ್ಕೆ ಮೊದಲೇ ನಿನ್ನ ಕೈ ಸೇರುತ್ತದೆ. ಅಪ್ಪಣೆಯಿಲ್ಲದೆ ಸೀಲು ಒಡೆದರೆ ನಿನಗೆ ಶಿಕ್ಷೆಯಾದೀತು, ಆದ್ದರಿಂದ ಇದನ್ನೇ ನಿನ್ನ ಮೇಲಧಿಕಾರಿಗೆ ತೋರಿಸು. ಅಪ್ಪನ ಮರ್ಯಾದೆಯೆಂದು ಮಡಚಿ ಒಳಗಿಟ್ಟುಕೊಳ್ಳಬೇಡ, ಮಗಳೇ. ಅದಕ್ಕೇ ಕೆಳಗೆ ಇನ್ನೊಂದು ಸಹಿ ಹಾಕಿದ್ದೇನೆ.

ಹಿರಿಯ ಪರೀಕ್ಷಕ, ರೇಡಿಯೊ ದುರಸ್ತಿ ಶಾಖೆ
(ಪೆಟ್ಟಿಗೆ ೩೧: ತಪ್ಪು ನನ್ನದು)