ಮೆಟ್ಟಿಲ ಬುಡದ ಬೋರ್ಡು

ಕಟ್ಟಡದ ಮಾಲೀಕರಿಗೆ,

ನಮಸ್ಕಾರ ಹೇಳುವ ಮನಸ್ಸಿಲ್ಲ. ಪತ್ರಕ್ಕೆ ಬೇಕಲ್ಲ ಎಂದು ಹೇಳಿದ್ದೇನೆ.

ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ವಾರಕ್ಕೊಮ್ಮೆ ಕೂಡುವ ನಮ್ಮ ಮಹಡಿಯ ಕೋಣೆಗೆ ದಾರಿ ತೋರಿಸಲು ತಾವು ಮೆಟ್ಟಿಲ ಬುಡದಲ್ಲಿ 'ಕುಡುಕರ ಸಭೆ ಮೇಲೆ' ಎಂದು ಕೆಂಪಕ್ಷರದ ಬೋರ್ಡು ಹಾಕಿಸಿದ್ದೀರಿ. ತಮ್ಮ ಪರೋಪಕಾರಕ್ಕೆ ಬೆಂಕಿ ಬೀಳಲಿ. ಕಳೆದ ವಾರ ಇಬ್ಬರು ಬಾಟಲಿ ಸಮೇತ ಹತ್ತಿ ಬಂದು, "ಅಣ್ಣಾ, ಸೋಡಾ ನೀವೇ ಕೊಡ್ತೀರಾ, ನಾವೇ ತರ್ಬೇಕಾ?" ಎಂದು ಕೇಳಿದರು. ಅದನ್ನು ನಕ್ಕು ಮರೆತೆವು.

ಅದೇ ಸಂಜೆ ನನ್ನ ತಮ್ಮ ಬಂದಿದ್ದ. ವರ್ಷಗಟ್ಟಲೆ ಗೋಗರೆದ ಮೇಲೆ ಮೊದಲ ಸಲ ಬಂದವನು. ಬೋರ್ಡು ಓದಿದ, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಸುತ್ತ ನೋಡಿದ, ಹೊರಟೇಹೋದ. ಕಿಟಕಿಯಿಂದ ಕಂಡು ನಾನು ಇಳಿದು ಬರುವಷ್ಟರಲ್ಲಿ ಬೀದಿ ಖಾಲಿ. ಕೆಳಗಿನ ತಮ್ಮ ಅಂಗಡಿಯ ಗಲ್ಲಾದಲ್ಲಿ ಕುಳಿತ ತಾವು, "ನೋಡಿ ವೆಲ್ಡರ್ರೇ, ಇನ್ಮೇಲೆ ಯಾರೂ ದಾರಿ ತಪ್ಪಲ್ಲ" ಎಂದಿರಿ.

ಈ ವಾರ ಇನ್ನೊಮ್ಮೆ ಬರುತ್ತೇನೆಂದು ಅವನು ಒಪ್ಪಿದ್ದಾನೆ. ಬೋರ್ಡು ತೆಗೆಸಿ. ಕತ್ತರಿಸಿ ಎಸೆಯುವುದು ನನಗೆ ದೊಡ್ಡ ಕೆಲಸವಲ್ಲ, ಆದರೆ ತಾವು ಕೋಣೆ ಬಿಡಿಸುತ್ತೀರಿ. ತೆಗೆಸದಿದ್ದರೆ ಸಭೆಯ ಹೊತ್ತಿಗೆ ಅದಕ್ಕೆ ಬೆನ್ನು ಕೊಟ್ಟು ನಾನೇ ನಿಲ್ಲುತ್ತೇನೆ. ನನ್ನ ಬೆನ್ನು ಸಾಕಷ್ಟು ಅಗಲವಿದೆ. ಬೀದಿಯವರಿಗೆ ಕುಡುಕನನ್ನು ನೋಡಲೇಬೇಕೆಂದಿದ್ದರೆ ನನ್ನನ್ನು ನೋಡಲಿ. ಅಷ್ಟರಲ್ಲಿ ಅವನು ಮೇಲೆ ಹತ್ತಿರುತ್ತಾನೆ.

ಇಂತಿ,
ಕುಡಿಯದೆಯೂ ಕಣ್ಣು ಕೆಂಪಾಗಿರುವ
ವೆಲ್ಡರ್